ಹುಡ್ ಹೊಲಿಯುವ ಯುಜಿನ್ ಹಾಯಿ ಮಡಚಿದ್ದು

ಮುಳ್ಳೇರಿಯದ ಸ್ಟ್ಯಾಂಡಿನಲ್ಲಿ ನಿಂತಿರುವ ರಿಕ್ಷಾಗಳ ಹುಡ್ಡುಗಳನ್ನು ಒಮ್ಮೆ ಮುಟ್ಟಿ ನೋಡಿ. ಹತ್ತರಲ್ಲಿ ಎಂಟು ಯುಜಿನ್ ಕ್ರಾಸ್ತಾರ ಕೈಯಲ್ಲಿ ಹೊಲಿದು ಬಂದವು. ಉಳಿದ ಎರಡು ಸೋರುತ್ತವೆ. ಇದನ್ನು ನಾನು ಹೊಗಳಲೆಂದು ಹೇಳುತ್ತಿಲ್ಲ. ಇಪ್ಪತ್ತೆರಡು ವರ್ಷದಿಂದ ರಿಕ್ಷಾ ಓಡಿಸುತ್ತಿದ್ದೇನೆ, ಒಂದು ಸೈಡ್ ಪರದೆಗಾಗಿ ಅವರ ಅಂಗಡಿಯಲ್ಲಿ ನಾಲ್ಕು ದಿನ ಕಾದ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಮಳೆ ಬಂದಾಗ ಬಿಚ್ಚಿ ಇಳಿಸುವ, ಬಿಸಿಲು ಬಂದಾಗ ಕೆಳಗಿನಿಂದ ಮೇಲಕ್ಕೆ ಸುರುಳಿ ಸುತ್ತಿ ಎರಡು ಪಟ್ಟಿಯಿಂದ ಬಿಗಿಯುವ ಪರದೆ ಅದು. ನಾಲ್ಕು ದಿನದ ಕೆಲಸವೇ ಅಲ್ಲ. ಆದರೆ ಯುಜಿನ್ ಹೊಲಿಗೆ ಹಾಕಿ, ನೋಡಿ, ಬಿಚ್ಚಿ, ಮತ್ತೆ ಹಾಕುವ ಜಾತಿ.

ಅವರಿಗೆ ಈಗ ಅರವತ್ತೊಂದು. ಕುಂಬ್ಡಾಜೆಯ ಗುಡ್ಡದಲ್ಲಿ ಹುಟ್ಟಿದವರು. ಮುಳ್ಳೇರಿಯದ ಬಸ್ ಸ್ಟ್ಯಾಂಡಿನ ಹಿಂದಿನ ಒಂದೇ ಕೋಣೆಯಲ್ಲಿ ಮೂವತ್ತನಾಲ್ಕು ವರ್ಷದಿಂದ ಒಂದೇ ಮೆಷಿನ್ ತುಳಿಯುತ್ತ ಕೂತಿದ್ದಾರೆ. ನಮ್ಮ ಕಡೆ ಕ್ರೈಸ್ತ ಗಂಡಸರನ್ನು ಮರ್ಯಾದೆಯಿಂದ ಪೊರ್ಬುಗಳು ಎನ್ನುತ್ತೇವೆ, ಹೆಂಗಸರನ್ನು ಬಾಯಮ್ಮ. ನಾನು ಯುಜಿನರನ್ನೂ ಅವರ ಹೆಂಡತಿ ವಿಲ್ಮಾರನ್ನೂ ಹಾಗೇ ಕರೆಯುವುದು. ಅವರ ಮನೆಮಾತು ಕೊಂಕಣಿ, ನನ್ನದು ತುಳು. ಜಗಳಕ್ಕೆ ಮಾತ್ರ ಮೂವರಿಗೂ ಕನ್ನಡವೇ ಅನುಕೂಲ. ಗಂಡ ಹೆಂಡತಿ ಕೂಡ ನನ್ನ ಎದುರು ಜಗಳವಾಡುವಾಗ ಕನ್ನಡಕ್ಕೆ ಬರುತ್ತಾರೆ, ತೀರ್ಪು ಕೊಡುವವನಿಗೆ ಅರ್ಥವಾಗಲಿ ಎಂದು.

ಕಳೆದ ನವೆಂಬರಿನಲ್ಲಿ ಒಂದು ದಿನ ಚಾ ಕುಡಿಯುತ್ತಿದ್ದಾಗ ಅವರು ಮೆಷಿನ್ ನಿಲ್ಲಿಸಿದರು.

“ಜಯಂತಾ, ನಾನೊಂದು ಹಾಯಿ ಹೊಲಿತೇನೆ.”

“ಎಂತ ಹಾಯಿ? ಯಾರ ರಿಕ್ಷಾಕ್ಕೆ?”

“ರಿಕ್ಷಾಕ್ಕಲ್ಲ ಮಾರಾಯ, ದೋಣಿಗೆ. ಕುಂಬಳೆ ಹೊಳೆಬದಿಯಲ್ಲಿ ನಮ್ಮ ಮೆರ್ವಿನ್ ಇಲ್ವಾ, ದೊಡ್ಡಪ್ಪನ ಮಗ. ಅವನದ್ದೊಂದು ಸಣ್ಣ ಫೈಬರ್ ದೋಣಿ ಉಂಟು. ಅವನಿಗೆ ಮೊಣಕಾಲು ನೋವು, ನೀನೇ ಇಟ್ಕೋ ಅಂದ.”

“ಮುಳ್ಳೇರಿಯದಲ್ಲಿ ಮುಳುಗ್ಲಿಕ್ಕೆ ನೀರು ಸಾಲುದಿಲ್ಲ ಅಂತ ಕುಂಬಳೆವರೆಗೆ ಹೋಗುದಾ ಪೊರ್ಬುಗಳೇ?”

ಅವರು ನಗಲಿಲ್ಲ. “ಮೂವತ್ತನಾಲ್ಕು ವರ್ಷ ಗಾಳಿ ಒಳಗೆ ಬಾರದ ಹಾಗೆ ಹೊಲಿದೆ. ಒಂದು ಸಲ ಗಾಳಿ ಹಿಡಿಯುವ ಹಾಗೆ ಹೊಲಿಯುವ ಅಂತ,” ಎಂದರು.

ಸ್ಟ್ಯಾಂಡಿನವರಿಗೆಲ್ಲ ಅವರು ಕೊಟ್ಟ ಕಾರಣ ಇದೇ. ನಿಜವಾದ ಕಾರಣ ನನಗೆ ಗೊತ್ತಿತ್ತು. ಕರಾವಳಿ ಕಡೆ ಮದುವೆ, ಹಬ್ಬ ಏನಿದ್ದರೂ ಅವರು ಹೋಗುವುದು ನನ್ನ ರಿಕ್ಷಾದಲ್ಲಿ. ಕುಂಬಳೆಯ ಸೇತುವೆ ಬಂತೆಂದರೆ ವಿಲ್ಮಾ ಬಾಯಮ್ಮ ನನ್ನ ಬೆನ್ನಿಗೆ ಬೆರಳು ತಾಗಿಸಿ, “ಜಯಂತಾ, ಸ್ವಲ್ಪ ನಿಧಾನ” ಎನ್ನುವರು. ಕತ್ತು ಹೊರಗೆ ಚಾಚಿ ನೀರು ನೋಡುವರು. ಸೇತುವೆ ದಾಟಿದ ಮೇಲೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ ಹಿಂದಕ್ಕೆ ಒರಗುವರು. ಅವರು ನೀರು ನೋಡುವಷ್ಟು ಹೊತ್ತು ಯುಜಿನ್ ಹೆಂಡತಿಯನ್ನು ನೋಡುತ್ತಿದ್ದರು. ಇದನ್ನೆಲ್ಲ ಇಪ್ಪತ್ತು ವರ್ಷ ನನ್ನ ಕನ್ನಡಿಯಲ್ಲಿ ಕಂಡಿದ್ದೇನೆ.

ವಿಲ್ಮಾ ಹುಟ್ಟಿದ್ದು ಅದೇ ಹೊಳೆಯ ದಂಡೆಯಲ್ಲಿ. ಅವರ ಅಪ್ಪನಿಗೆ ಹಾಯಿ ಕಟ್ಟಿದ ಚಿಕ್ಕ ದೋಣಿ ಇತ್ತು. ಮಗಳಿಗೆ ಒಂಬತ್ತು ವರ್ಷವಾಗಿದ್ದಾಗ, ಅವಳೂ ಕೂತಿದ್ದ ಒಂದು ಸಂಜೆ, ಅದು ಅಳಿವೆಯ ಹತ್ತಿರ ಮಗುಚಿತು. ಇಬ್ಬರೂ ಬದುಕಿದರು. ಅಪ್ಪ ದೋಣಿ ಮಾರಿ, ಸಂಸಾರ ಕಟ್ಟಿಕೊಂಡು ಗುಡ್ಡದ ಕಡೆ ಬಂದುಬಿಟ್ಟರು. ಇಷ್ಟು ಎಲ್ಲರಿಗೂ ಗೊತ್ತಿದ್ದ ಕಥೆ. ಅಂದಿನಿಂದ ಬಾಯಮ್ಮ ಯಾವ ದೋಣಿಯಲ್ಲೂ ಕೂತವರಲ್ಲ. ಹೊಳೆ ನೋಡುವ ಆಸೆಯಂತೂ ಹೋಗಿರಲಿಲ್ಲ. ಅವರನ್ನು ಮತ್ತೊಮ್ಮೆ ಆ ನೀರಿನ ಮೇಲೆ ಕೂರಿಸಬೇಕು, ಯುಜಿನ್‌ರ ತಲೆಯಲ್ಲಿ ಇದ್ದದ್ದು ಅದೊಂದೇ.

ಹೆಂಡತಿಗೆ ವಿಷಯ ಹೇಳಿದ ದಿನ ನಾನೂ ಅವರ ಜಗಲಿಯಲ್ಲಿದ್ದೆ. ಬಾಯಮ್ಮ ಬೈಯಲಿಲ್ಲ, ಅಳಲಿಲ್ಲ. ಒಂದು ಷರತ್ತು ಹಾಕಿದರು.

“ಗಾಳಿ ಬಂದ್ರೆ ಹಾಯಿ ಎಷ್ಟು ಬೇಗ ಮಡಚ್ತೀರಿ, ಅದು ಹೇಳಿ ಮೊದ್ಲು. ನಾನು ಒಂದು ನಮಾನ್ ಮರಿಯೆ ಹೇಳಿ ಮುಗಿಸುದರೊಳಗೆ ಅದು ಮುದುಡಿ ಕಂಬಕ್ಕೆ ಕಟ್ಟಿ ಆಗಿರ್ಬೇಕು. ಹಾಗಾದ್ರೆ ನಾನು ಕೂತ್ಕೊಳ್ತೇನೆ. ಆಗದಿದ್ರೆ ನೀವೂ ಕೂತ್ಕೊಳ್ಳುವ ಹಾಗಿಲ್ಲ.”

ನಮಾನ್ ಮರಿಯೆ ಎಂದರೆ ಮಾತೆ ಮರಿಯಳಿಗೆ ಕೊಂಕಣಿಯಲ್ಲಿ ಹೇಳುವ ಪುಟ್ಟ ಪ್ರಾರ್ಥನೆ. ಆ ಮನೆಯ ಅಡುಗೆಕೋಣೆಯ ಗಡಿಯಾರ ನಿಂತು ಎಷ್ಟೋ ಕಾಲವಾಗಿದೆ, ಯಾರಿಗೂ ಅದರ ಚಿಂತೆಯಿಲ್ಲ. ಬಾಯಮ್ಮನ ಸಮಯವೆಲ್ಲ ಪ್ರಾರ್ಥನೆಯ ಲೆಕ್ಕ. ಮೊಟ್ಟೆ ಬೇಯಲು ಜಪಮಾಲೆಯ ಅರ್ಧ, ಸಣ್ಣ ಉರಿಯಲ್ಲಿ ಹಾಲು ಉಕ್ಕಲು ಇಪ್ಪತ್ತು ನಮಾನ್ ಮರಿಯೆ. ಅವರ ತಾಯಿಯದೂ ಅದೇ ಲೆಕ್ಕವಂತೆ. ನಾನು ಕುತೂಹಲಕ್ಕೆ ಮೊಬೈಲಿನಲ್ಲಿ ನೋಡಿದ್ದೇನೆ: ಸಾಧಾರಣ ದಿನ ಒಂದಕ್ಕೆ ಹದಿನಾರು ಸೆಕೆಂಡು. ಸಿಟ್ಟು ಬಂದ ದಿನ ಹನ್ನೊಂದು.

ಯುಜಿನ್ ತೆಳುವಾದ ನೀಲಿ ಟರ್ಪಾಲಿನಿಂದ ಹಾಯಿ ಹೊಲಿದರು. ನಾಲ್ಕು ಮೂಲೆಯ ಹಾಯಿ. ಒಂದು ಬದಿ ಕಂಬಕ್ಕೆ ಕಟ್ಟಿದ್ದು. ಎದುರು ಬದಿಯ ಮೇಲಿನ ಮೂಲೆಯನ್ನು ಎತ್ತಿ ಹಿಡಿಯಲು ಓರೆಯಾಗಿ ನಿಂತ ಒಂದು ಬಿದಿರು. ಎಲ್ಲ ಚೆನ್ನಾಗಿತ್ತು. ಆದರೆ ಮೂವತ್ತನಾಲ್ಕು ವರ್ಷ ಹುಡ್ ಹೊಲಿದ ಕೈ ಸುಮ್ಮನಿರುತ್ತದೆಯೇ? ಹಾಯಿಯ ನಡುವೆ, ರಿಕ್ಷಾದ ಹಿಂದಿನ ಕಿಟಕಿಯಂತೆ, ಒಂದು ಪಾರದರ್ಶಕ ಪ್ಲಾಸ್ಟಿಕ್ ಚೌಕ ಬಂದು ಕೂತಿತ್ತು. ಹೊಲಿದು ಮುಗಿಯುವವರೆಗೆ ಅವರಿಗೇ ಗೊತ್ತಾಗಿರಲಿಲ್ಲವಂತೆ.

“ಇನ್ನೊಂದು ಮೀಟರ್ ಇಟ್ರೆ ಪರ್ಮಿಟ್ ಸಿಕ್ತದೆ,” ಎಂದೆ.

“ಎದುರು ಬರುವ ದೋಣಿ ಕಾಣ್ತದೆ, ಒಳ್ಳೆದೇ ಆಯ್ತು,” ಎಂದು ಅವರು ಮುಖ ತಿರುಗಿಸಿದರು. ಬಿಚ್ಚಿ ತೆಗೆಯಲು ಮನಸ್ಸು ಬರಲಿಲ್ಲ. ಜೀವನದಲ್ಲಿ ಅವರು ಬಿಚ್ಚದೆ ಉಳಿಸಿದ ಹೊಲಿಗೆ ಅದೊಂದೇ ಇರಬೇಕು.

ಮೊದಲ ಪರೀಕ್ಷೆ ಡಿಸೆಂಬರಿನ ಒಂದು ಆದಿತ್ಯವಾರ, ಅವರು ಇಗರ್ಜಿಯ ಪೂಜೆ ಮುಗಿಸಿ ಬಂದ ಮೇಲೆ. ಮೆರ್ವಿನ್‌ನ ಮನೆಯ ಹಿಂದೆ, ಸೊಂಟದಷ್ಟು ನೀರಿನಲ್ಲಿ ದೋಣಿ. ಮೇಯಲು ಬಿಟ್ಟ ದನದ ಹಾಗೆ ಅದಕ್ಕೊಂದು ಉದ್ದ ಹಗ್ಗ, ಆ ಹಗ್ಗ ದಂಡೆಯ ತೆಂಗಿನ ಮರಕ್ಕೆ. ಬಾಯಮ್ಮ ಒಂದು ಬೊಡ್ಡೆಯ ಮೇಲೆ ತಿಂಡಿಯ ಡಬ್ಬಿ ಹಿಡಿದು ಕೂತರು. ನನಗೆ ಈಜು ಬಾರದು, ಆದ್ದರಿಂದ ನಾನು ಡಬ್ಬಿಯ ಪಕ್ಕ.

ಯುಜಿನ್ ತಮಗೆ ಗೊತ್ತಿದ್ದ ಒಂದೇ ವಿದ್ಯೆ ತೋರಿಸಿದರು. ರಿಕ್ಷಾದ ಸೈಡ್ ಪರದೆಯನ್ನು ಸುತ್ತುವಂತೆ ಹಾಯಿಯನ್ನು ಕೆಳಗಿನಿಂದ ಮೇಲಕ್ಕೆ ಸುತ್ತತೊಡಗಿದರು. ಅವರ ಕೈ ಎಟಕುವವರೆಗೆ ಸುತ್ತು ಚೆನ್ನಾಗಿಯೇ ಬಂತು. ಅದರ ಮೇಲಿನ ಅರ್ಧ ಹಾಯಿ ಗಾಳಿ ತುಂಬಿಕೊಂಡು ಹಾಗೆಯೇ ನಿಂತಿತ್ತು. ದೋಣಿ ಹಗ್ಗದ ಸುತ್ತ ಗಿರಗಿರ ತಿರುಗಿತು. ಅವರು ಸುರುಳಿಯನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದು ದೋಣಿಯ ಜೊತೆ ತಿರುಗುತ್ತ, ಪ್ರತಿ ಸುತ್ತಿಗೂ ಒಮ್ಮೆ ನಮಗೆ ಮುಖ ತೋರಿಸುತ್ತಿದ್ದರು.

ಬಾಯಮ್ಮ ಮೂರು ಪ್ರಾರ್ಥನೆ ಮುಗಿಸಿ, “ನಾಲ್ಕನೆಯದ್ದು ನಿಮ್ಮ ಆತ್ಮಕ್ಕೆ!” ಎಂದು ಕೂಗಿದರು.

ಮುಂದಿನ ಆದಿತ್ಯವಾರ, ಎರಡನೆಯ ಸಲಕ್ಕೆ, ಯುಜಿನ್ ಬುದ್ಧಿ ಕಲಿತಿದ್ದರು. ನಿಂತ ಹಾಯಿಯನ್ನು ಸುತ್ತುವುದಲ್ಲ, ಮೊದಲು ಇಳಿಸುವುದು. ಹಾಯಿಯನ್ನೂ ಬಿದಿರನ್ನೂ ಇಳಿಸಿ, ಬಿದಿರನ್ನು ದೋಣಿಯ ಉದ್ದಕ್ಕೆ ಮಲಗಿಸಿ, ಅದರ ಮೇಲೆ ಹಾಯಿಯನ್ನು ಸೀರೆಯ ನೆರಿಗೆಯ ಹಾಗೆ ಒಂದು ಮಡಿಕೆ ಎಡಕ್ಕೆ, ಒಂದು ಮಡಿಕೆ ಬಲಕ್ಕೆ ಇಡುತ್ತ ಬಂದರು. ನೋಡಲು ಎಷ್ಟು ಚೆಂದ! ಕೋಪಿಷ್ಠನಾದ ನಾನೂ ಭೇಷ್ ಎಂದೆ. ಮನೆಗೆ ಹೊರಡುವ ಮೊದಲು ದೋಣಿ ಕಟ್ಟಿಡುವವನಿಗೆ ಅದಕ್ಕಿಂತ ಒಳ್ಳೆಯ ಕ್ರಮ ಇಲ್ಲ, ಈಗಲೂ ಅವರು ಸಂಜೆ ಹಾಗೆಯೇ ಕಟ್ಟಿಡುವುದು. ಆದರೆ ಅಷ್ಟಾಗುವಾಗ ಬಾಯಮ್ಮ ಎಂಟು ಪ್ರಾರ್ಥನೆ ಮುಗಿಸಿದ್ದರು.

“ಚಂದ ಉಂಟು. ಗಾಳಿ ಚಂದ ನೋಡ್ಲಿಕ್ಕೆ ಬರುದಲ್ಲ,” ಎಂದರು.

ಯುಜಿನ್ ಕೇಳಿಸಿಕೊಳ್ಳದೆ, ನೆರಿಗೆಯ ಸುತ್ತ ಹಗ್ಗ ತಂದು ಗಂಟು ಹಾಕಿದರು. ಅವರ ಹುಡ್ಡಿನ ಗಂಟು. ರಿಕ್ಷಾ ಎಷ್ಟು ವೇಗದಲ್ಲಿ ಹೋದರೂ, ಎಷ್ಟು ಮಳೆ ಕುಡಿದರೂ ಬಿಚ್ಚದ ಗಂಟು. ನೆನೆದರೆ ಇನ್ನೂ ಬಿಗಿಯುತ್ತದೆ. ಅದರ ಮೇಲೆ ಅವರಿಗೆ ಬಹಳ ಹೆಮ್ಮೆ.

ಆ ಗಂಟು ಕಂಡದ್ದೇ ತಡ, ಬಾಯಮ್ಮ ಬೊಡ್ಡೆಯಿಂದ ಎದ್ದು ಸೀರೆಸಮೇತ ನೀರಿಗಿಳಿದರು. “ಅದನ್ನು ಬಿಚ್ಚಿ! ಈಗಲೇ ಬಿಚ್ಚಿ!” ಮೊಣಕಾಲಷ್ಟು ನೀರಿನಲ್ಲಿ ನಿಂತು ಕೂಗಿದರು. ಯುಜಿನ್ ಗಾಬರಿಯಿಂದ ಬಿಚ್ಚಲು ಹೋದರು, ಆಗಲೇ ಹಗ್ಗ ನೆನೆದಿತ್ತು. ಕೊನೆಗೆ ಹಲ್ಲು ಉಪಯೋಗಿಸಬೇಕಾಯಿತು.

ಹಿಂದೆ ಬರುವಾಗ ಸೇತುವೆಯ ಮೇಲೆ ಬಾಯಮ್ಮ ನಿಧಾನ ಮಾಡು ಎನ್ನಲಿಲ್ಲ. ಬದಿಯಡ್ಕ ದಾಟಿದ ಮೇಲೆ ಅವರೇ ಮಾತು ಶುರು ಮಾಡಿದರು, ಕನ್ನಡದಲ್ಲಿ. ಜಗಳವಲ್ಲದ ಮಾತನ್ನು ಅವರು ಯುಜಿನ್‌ರ ಎದುರು ಕನ್ನಡದಲ್ಲಿ ಆಡಿದ್ದು ನಾನು ಕೇಳಿದ್ದು ಅದೇ ಮೊದಲು.

“ಹಾಯಿಯ ಹಗ್ಗ ಹಿಡ್ಕೊಳ್ಳುದು ನನ್ನ ಕೆಲಸ ಆಗಿತ್ತು. ಅಪ್ಪ ಬಿಡು ಅಂದ ಕೂಡ್ಲೇ ಬಿಡ್ಬೇಕು, ಅಷ್ಟೇ. ಆವತ್ತು ಕೈ ನೋಯ್ತಿತ್ತು. ಅಪ್ಪ ಆಚೆ ನೋಡುವಾಗ ಹಲಗೆಗೆ ಕಟ್ಟಿಬಿಟ್ಟೆ. ಕರು ಕಟ್ಟುವ ಗಂಟು. ನನಗೆ ಗೊತ್ತಿದ್ದದ್ದು ಅದೊಂದೇ. ಗಾಳಿ ಬಂತು. ಅಪ್ಪ ಬಿಡು ಬಿಡು ಅಂತ ಕೂಗಿದ್ರು. ಬಿಚ್ಲಿಕ್ಕೆ ಬರ್ಲಿಲ್ಲ. ನಾನು ಕಣ್ಣು ಮುಚ್ಚಿ ನಮಾನ್ ಮರಿಯೆ ಹೇಳ್ಲಿಕ್ಕೆ ಶುರು ಮಾಡಿದೆ. ಆಮೆನ್ ಹೇಳುವ ಮೊದ್ಲೇ ಬಾಯಿಗೆ ನೀರು ಬಂತು.”

ಸೆರಗಿನ ನೀರು ಹಿಂಡಿ ಮತ್ತೆ ಹೇಳಿದರು. “ಅಪ್ಪ ಸಾಯುವವರೆಗೂ ಎಲ್ಲರ ಹತ್ರ ಹಗ್ಗ ಕಟ್ಟಿದ್ದು ತಾನೇ ಅಂತ ಹೇಳ್ತಿದ್ರು. ಹಾಗೇ ನಂಬಿದ್ರಾ, ನನ್ನನ್ನು ಉಳಿಸ್ಲಿಕ್ಕೆ ಹೇಳಿದ್ರಾ, ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳ್ಲಿಕ್ಕೆ ಧೈರ್ಯ ಬರ್ಲಿಲ್ಲ.”

ಕನ್ನಡಿಯಲ್ಲಿ ಯುಜಿನ್‌ರ ಮುಖ ಕಂಡಿತು. ಮದುವೆಯಾಗಿ ಮೂವತ್ತಮೂರು ವರ್ಷ. ಅವರಿಗೂ ಇದು ಹೊಸದು. ಹೆಂಡತಿಯ ಒದ್ದೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, “ಒಂಬತ್ತು ವರ್ಷದ ಮಗುವಿನ ಕೈಗೆ ಹಗ್ಗ ಕೊಟ್ಟದ್ದು ದೊಡ್ಡವರು, ವಿಲ್ಮಾ,” ಎಂದರು. ನಾನು ಸುಮ್ಮನೆ ಹಾರ್ನ್ ಹೊಡೆದೆ. ರಸ್ತೆಯಲ್ಲಿ ಯಾರೂ ಇರಲಿಲ್ಲ.

ಅದಾದ ಮೇಲೆ ಯುಜಿನ್ ಒಂದು ವಾರ ಹುಡ್ ಹೊಲಿಯಲಿಲ್ಲ. ಅಂಗಡಿಯ ನಡುಗಂಬಕ್ಕೆ ಹಾಯಿ ಕಟ್ಟಿ ಅದನ್ನೇ ನೋಡುತ್ತ ಕೂತರು. ಪರದೆ ಹರಿದ ರಿಕ್ಷಾದವರು ಬಂದು ಬೈದು ಹೋದರು. ಗುರುವಾರ ನನಗೇ ತಡೆಯಲಾಗಲಿಲ್ಲ.

“ಪೊರ್ಬುಗಳೇ, ಸುತ್ತುದೂ ಬೇಡ, ಇಳಿಸುದೂ ಬೇಡ. ಎಳೀರಿ.”

ನಮ್ಮ ಯುವಕ ಸಂಘದ ವಾರ್ಷಿಕೋತ್ಸವದ ನಾಟಕದಲ್ಲಿ ಹನ್ನೊಂದು ವರ್ಷ ಪರದೆ ಎಳೆದವನು ನಾನು. ಒಂದು ಸಲವೂ ಪಾರ್ಟು ಕೊಡಲಿಲ್ಲ, ಅದು ಬೇರೆ ವಿಷಯ, ಆ ಸಂಘದವರ ಹೆಸರು ಎತ್ತಿದರೆ ಈಗಲೂ ನನಗೆ ಮೈ ಉರಿಯುತ್ತದೆ. ಆ ಪರದೆಗೆ ಬಳೆಗಳಿದ್ದವು, ಬಳೆಯೊಳಗೆ ಹಗ್ಗ. ರಾಜ ಮಾತು ಮರೆತನೋ, ಮಂತ್ರಿಯ ಪಂಚೆ ಜಾರಿತೋ, ನಾನು ಹಗ್ಗ ಎಳೆದರೆ ಆಯಿತು, ಕಣ್ಣು ಮುಚ್ಚಿ ತೆರೆಯುವುದರೊಳಗೆ ಎಲ್ಲ ಬಟ್ಟೆ ಒಂದು ಬದಿಯಿಂದ ಬಂದು ಬೀಳುತ್ತಿತ್ತು.

ಯುಜಿನ್ ನನ್ನನ್ನು ಐದು ನಿಮಿಷ ನೋಡಿದರು. ಆಮೇಲೆ ಮೆಷಿನ್ ತುಳಿಯತೊಡಗಿದರು. ಹಾಯಿಯ ಎರಡೂ ಮುಖಕ್ಕೆ ಒಂದು ಸಾಲು ಹಿತ್ತಾಳೆ ಬಳೆ ಹೊಲಿದರು. ಕಂಬದಿಂದ ದೂರವಿರುವ ಅಂಚಿಗೆ ಹಗ್ಗ ಕಟ್ಟಿ, ಬಳೆಗಳೊಳಗಿಂದ ಅದನ್ನು ಕಂಬಕ್ಕೆ ತಂದು, ಅಲ್ಲಿ ಒಂದು ಪುಟ್ಟ ರಾಟೆಯ ಮೂಲಕ ಕೆಳಗೆ ಬಿಟ್ಟರು. ಕೆಳಗಿನ ತುದಿ ಎಳೆದರೆ ಆ ದೂರದ ಅಂಚು ಓಡಿ ಬಂದು ಕಂಬಕ್ಕೆ ಅಂಟುತ್ತದೆ, ಬಿದಿರೂ ಅದರ ಜೊತೆ ಒಳಗೆ ಬರುತ್ತದೆ. ನೋಡನೋಡುತ್ತ ಹಾಯಿ ಮಡಚಿದ ಕೊಡೆಯ ಹಾಗೆ ಆಗುತ್ತದೆ. ಅದರ ಸುತ್ತ ಅದೇ ಹಗ್ಗದ ಎರಡು ಸುತ್ತು, ಕೊನೆಗೆ ಒಂದು ಗಂಟು. ಗಂಟೂ ಈಗ ಹುಡ್ಡಿನದಲ್ಲ. ಶಾಲೆಯ ಮಕ್ಕಳು ಬೂಟಿಗೆ ಹಾಕುವಂಥದ್ದು, ತುದಿ ಎಳೆದರೆ ತಾನಾಗಿ ಬಿಚ್ಚುವಂಥದ್ದು. ಅದನ್ನು ಕಲಿಯಲು ಅವರಿಗೆ ಎರಡು ದಿನ ಹಿಡಿಯಿತು. ಬೆರಳು ತಾವಾಗಿಯೇ ಹಳೆಯ ಗಂಟಿನ ಕಡೆಗೆ ಹೋಗುತ್ತಿದ್ದವು.

ಅಂಗಡಿಯಲ್ಲಿ ಅವರು ಪ್ರಾರ್ಥನೆ ಹೇಳುತ್ತ ಎಳೆಯುವರು, ನಾನು ಎದುರು ನಿಂತು ನೋಡುವೆ. ಕೇಳಿ ಕೇಳಿ ಆ ಪ್ರಾರ್ಥನೆ ನನಗೆ ಬಾಯಿಪಾಠವಾಯಿತು; ನಮ್ಮ ಮನೆಯ ದೈವಗಳು ಕ್ಷಮಿಸಲಿ. ಜನವರಿಯ ಕೊನೆಗೆ ಆಮೆನ್ ಬರಲು ಇನ್ನೂ ನಾಲ್ಕು ಶಬ್ದ ಇರುವಾಗಲೇ ಗಂಟು ಬೀಳುತ್ತಿತ್ತು.

ಮೂರನೆಯ ಪರೀಕ್ಷೆ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಎದ್ದಿತ್ತು, ಅಂಗಡಿಯೊಳಗಿನ ಗಾಳಿಯಲ್ಲ ಅದು. ಬಾಯಮ್ಮ ಬೊಡ್ಡೆಯ ಮೇಲೆ ಕೂರದೆ ನೀರಿನಂಚಿನಲ್ಲಿ ನಿಂತಿದ್ದರು. ಆವತ್ತು ಅವರು ಒಳ್ಳೆಯ ಸೀರೆ ಉಟ್ಟಿರಲಿಲ್ಲ. ಒದ್ದೆಯಾದರೂ ಚಿಂತೆಯಿಲ್ಲದ ಹಳೆಯ ವಾಯಿಲ್ ಸೀರೆ. ಅದನ್ನು ನಾನು ಗಮನಿಸಿದೆ, ಯುಜಿನ್ ಗಮನಿಸಲಿಲ್ಲ.

“ನಮಾನ್ ಮರಿಯೆ...” ಎಂದು ಶುರುವಾಯಿತು.

ಯುಜಿನ್ ಎಳೆದರು. ಹಾಯಿ ಸರಸರ ಅರ್ಧ ಬಂತು. ಅಲ್ಲಿ ನಿಂತಿತು. ಅವರು ಮತ್ತೆ ಎಳೆದರು. ಅಲುಗಲಿಲ್ಲ. ಆ ದರಿದ್ರ ಪ್ಲಾಸ್ಟಿಕ್ ಕಿಟಕಿ! ಟರ್ಪಾಲು ಮುದುಡಿತು, ದಪ್ಪ ಪ್ಲಾಸ್ಟಿಕ್ ಮುದುಡಲಿಲ್ಲ. ಗಾಳಿಗೆ ಬಾಗಿ ಎರಡು ಬಳೆಗಳ ನಡುವೆ ಅಡ್ಡ ನಿಂತುಬಿಟ್ಟಿತ್ತು. ಅಂಗಡಿಯಲ್ಲಿ ಒಂದು ಸಲವೂ ಹೀಗಾಗಿರಲಿಲ್ಲ. ದೋಣಿ ವಾಲಿತು. ಯುಜಿನ್ ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ, ಎರಡೂ ಕೈಯಿಂದ ಆ ಕಿಟಕಿಗೆ ಬಡಿದರು. ನಾನು ದಂಡೆಯಲ್ಲಿ ನಿಂತು ಮನಸ್ಸಿನಲ್ಲಿ ಪ್ರಾರ್ಥನೆಯ ಶಬ್ದ ಎಣಿಸುತ್ತಿದ್ದೆ. ಮುಗಿಯುತ್ತ ಬಂತು. ಇನ್ನು ಮೂರು ಶಬ್ದ. ಎರಡು. ಹೋಯಿತು, ಎಂದುಕೊಂಡೆ.

ಬಾಯಮ್ಮ ನಿಲ್ಲಿಸಿದರು.

ಆಮೆನ್ ಬರಲಿಲ್ಲ. ನಾನು ತಿರುಗಿ ನೋಡಿದೆ. ಅವರು ತುಟಿ ಬಿಗಿಹಿಡಿದು ನಿಂತಿದ್ದರು. ಆ ಒಂದು ಶಬ್ದ ಬಾಯೊಳಗೇ ಇತ್ತು, ಅದನ್ನು ಹೊರಗೆ ಬಿಡದೆ ಕಣ್ಣು ಕೀಳದೆ ಗಂಡನ ಕೈಯನ್ನೇ ನೋಡುತ್ತಿದ್ದರು. ಮೂವತ್ತು ಸೆಕೆಂಡು ಆಗಿರಬಹುದು, ನಲವತ್ತೂ ಆಗಿರಬಹುದು. ಆವತ್ತು ಮೊಬೈಲ್ ತೆಗೆಯುವ ಬುದ್ಧಿ ನನಗಿರಲಿಲ್ಲ. ಪ್ಲಾಸ್ಟಿಕ್ ಮುರಿದುಕೊಂಡು ಒಳಗೆ ಸರಿಯಿತು, ಹಾಯಿ ಕಂಬಕ್ಕೆ ಬಂದು ಅಂಟಿತು, ಎರಡು ಸುತ್ತು, ಗಂಟು. ಬೂಟಿನ ಗಂಟೇ. ದೋಣಿ ನೆಟ್ಟಗಾಯಿತು.

“ಆಮೆನ್,” ಎಂದರು ಬಾಯಮ್ಮ.

ಯುಜಿನ್ ಬೆವರು ಒರೆಸುತ್ತ, “ಆಗ್ಲಿಲ್ಲ ವಿಲ್ಮಾ, ತಡ ಆಯ್ತು,” ಎಂದರು. ಮೋಸಮಾಡಿ ಗೆಲ್ಲುವ ಮನುಷ್ಯ ಅವರಲ್ಲ.

“ಎಂತ ತಡ? ನಾನು ಈಗ ಮುಗಿಸಿದ್ದು. ಜಯಂತನನ್ನು ಕೇಳಿ.”

ತೀರ್ಪು ನನ್ನ ಮೇಲೆ ಬಂತು. “ಬಾಯಮ್ಮ ಈಗಲೇ ಮುಗಿಸಿದ್ದು ಪೊರ್ಬುಗಳೇ,” ಎಂದೆ. ಮಾತು ಸುಳ್ಳಲ್ಲವಲ್ಲ.

ಬಾಯಮ್ಮ ಚಪ್ಪಲಿ ಬಿಚ್ಚಿ ನನ್ನ ಕೈಗೆ ಕೊಟ್ಟರು, ತಿಂಡಿಯ ಡಬ್ಬಿಯನ್ನೂ ಕೊಟ್ಟರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ನೀರಿಗಿಳಿದು, ಯುಜಿನ್ ಚಾಚಿದ ಕೈ ಹಿಡಿಯದೆ ತಾವೇ ದೋಣಿಯ ಅಂಚು ಹಿಡಿದು ಹತ್ತಿದರು. ಐವತ್ತು ವರ್ಷವಾದರೂ ಕಾಲಿಗೆ ಮರೆತುಹೋಗಿರಲಿಲ್ಲ. ಕೂತವರೇ ಮೊದಲು ಮಾಡಿದ ಕೆಲಸ, ಗಂಟಿನ ತುದಿ ಎಳೆದು ನೋಡಿದ್ದು. ಅದು ಬಿಚ್ಚಿತು. “ಈ ಹಗ್ಗ ನನ್ನ ಕೈಯಲ್ಲಿರ್ಲಿ,” ಎಂದರು. ನಾನು ತೆಂಗಿನ ಮರದಿಂದ ಉದ್ದ ಹಗ್ಗ ಬಿಡಿಸಿದೆ.

ದೋಣಿ ಹೊಳೆಯ ನಡುವಿಗೆ ಹೋಯಿತು. ನೀಲಿ ಹಾಯಿ, ನಡುವೆ ಮುರಿದ ಕಿಟಕಿ. ನಾನು ಬೊಡ್ಡೆಯ ಮೇಲೆ ಕೂತು ಡಬ್ಬಿ ತೆರೆದು ಹೂವಿನಾಕಾರದ ಗರಿಗರಿ ತಿಂಡಿ, ಒಂದು ಕೊಕ್ಕಿಸು, ಬಾಯಿಗಿಡುವಷ್ಟರಲ್ಲಿ ಅಲ್ಲಿ ಹಾಯಿ ಫಕ್ಕನೆ ಮಡಚಿಕೊಂಡಿತು. ಎದ್ದು ನಿಂತೆ. ಆದರೆ ಗಾಳಿ ಹೆಚ್ಚೇನೂ ಇರಲಿಲ್ಲ, ದೋಣಿ ನೆಟ್ಟಗೆ ನಿಂತಿತ್ತು. ಮತ್ತೆ ಹಾಯಿ ಅರಳಿತು. ಸ್ವಲ್ಪ ಮುಂದೆ ಹೋಗಿ ಪುನಃ ಮಡಚಿಕೊಂಡಿತು. ಆಗ ಕಂಡಿತು, ಹಗ್ಗ ಎಳೆಯುತ್ತಿದ್ದದ್ದು ಬಾಯಮ್ಮ. ಯುಜಿನ್ ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದರು.

ಎಳೆಯುವುದು, ಬಿಡುವುದು, ಮತ್ತೆ ಎಳೆಯುವುದು. ಹಾಯಿ ಮಡಚಿದಾಗಲೆಲ್ಲ ಅವರು ಜೋರಾಗಿ “ಆಮೆನ್!” ಎಂದು ಕೂಗುತ್ತಿದ್ದರು, ದಂಡೆಯವರೆಗೆ ಕೇಳಿಸುತ್ತಿತ್ತು. ಅವರು ಅಳುತ್ತಿದ್ದರೋ ನಗುತ್ತಿದ್ದರೋ ಅಷ್ಟು ದೂರದಿಂದ ನನಗೆ ತಿಳಿಯಲಿಲ್ಲ. ಏಳು ಸಲ ಎಣಿಸಿದೆ. ಎಂಟನೆಯದಕ್ಕೆ ಯುಜಿನ್‌ರ ಸ್ವರವೂ ಸೇರಿತ್ತು.